ಎಂಬಾರ್ಗೊ ಮುಗಿಯೋವರೆಗೆ ಕಾಯೋದಾ, ಚಂದಾ ಕಟ್ಟೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಲೈಬ್ರರಿ ಕೌಂಟರಿನಲ್ಲಿ, ಫೋನಿನಲ್ಲಿ, ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮೊದಲಿನವು ಪಿಎಚ್‌ಡಿ ಮಾಡುವವರದ್ದು, ನಡುವಿನವು ಮೇಷ್ಟ್ರುಗಳದ್ದು ಮತ್ತು ಅಕೌಂಟ್ಸ್‌ನವರದ್ದು, ಕೊನೆಯವು ನನ್ನಂಥ ಲೈಬ್ರರಿಯವರದ್ದೇ. ಎಲ್ಲವನ್ನೂ ಓದಬೇಕಾಗಿಲ್ಲ, ನಿಮ್ಮ ಪ್ರಶ್ನೆ ಹುಡುಕಿಕೊಳ್ಳಿ.

## ಮೊದಲ ಮೆಟ್ಟಿಲು

ಎಂಬಾರ್ಗೊ ಅಂದ್ರೆ ಹಡಗು ತಡೆಯೋದಲ್ವಾ? ಪೇಪರ್‌ಗೂ ಅದಕ್ಕೂ ಏನು ಸಂಬಂಧ?

ತಡೆ ಅನ್ನುವ ಅರ್ಥ ಮಾತ್ರ ಒಂದೇ. ಸಂಶೋಧನಾ ಜರ್ನಲ್‌ನಲ್ಲಿ ಒಂದು ಪೇಪರ್, ಅಂದರೆ ಲೇಖನ, ಬಂತು ಅಂದುಕೊಳ್ಳಿ. ಇಷ್ಟು ತಿಂಗಳು ಚಂದಾ ಕಟ್ಟಿದವರು ಮಾತ್ರ ಓದಬೇಕು, ಆಮೇಲೆ ಯಾರು ಬೇಕಾದರೂ ಓದಬಹುದು ಅಂತ ಪ್ರಕಾಶಕರು ಗೆರೆ ಹಾಕುತ್ತಾರೆ. ಆ ಕಾಯುವ ಕಾಲವೇ ಎಂಬಾರ್ಗೊ. 6, 12, 24 ತಿಂಗಳು ಸಾಮಾನ್ಯ. ಹೊಸ ಸಿನಿಮಾ ಮೊದಲು ಥಿಯೇಟರಿನಲ್ಲಿ ಓಡಿ ಆಮೇಲೆ ಟಿವಿಗೆ ಬರುತ್ತಲ್ಲ, ಹೆಚ್ಚುಕಡಿಮೆ ಹಾಗೇ. ಆದರೆ ಇಲ್ಲಿ ಕಥೆ ಬರೆದವರಿಗೂ ನಟಿಸಿದವರಿಗೂ ಪ್ರಕಾಶಕರು ಒಂದು ಪೈಸೆ ಕೊಡುವುದಿಲ್ಲ. ಅವರ ಸಂಬಳ ಬರುವುದು ವಿಶ್ವವಿದ್ಯಾಲಯದಿಂದ, ಅಂದರೆ ಬಹುಪಾಲು ಸರ್ಕಾರದ ದುಡ್ಡಿನಿಂದ. ಜಗಳ ಶುರುವಾಗುವುದೇ ಅಲ್ಲಿ.

ಗೇಟು ತೆರೆಯುವುದು ಎರಡು ರೀತಿ. ಕೆಲವು ಜರ್ನಲ್‌ಗಳು ಗಡುವು ಮುಗಿದ ಮೇಲೆ ತಾವೇ ಬಾಗಿಲು ತೆಗೆಯುತ್ತವೆ. 'ಮಾಲಿಕ್ಯುಲರ್ ಬಯಾಲಜಿ ಆಫ್ ದಿ ಸೆಲ್' 2 ತಿಂಗಳಿಗೇ ತೆಗೆದರೆ, ಅಮೆರಿಕದ ವಿಜ್ಞಾನ ಅಕಾಡೆಮಿಯ 'ಪಿಎನ್‌ಎಎಸ್' 6 ತಿಂಗಳಿಗೆ ತೆಗೆಯುತ್ತದೆ. ಉಳಿದ ಕಡೆ ಜರ್ನಲ್ ಮುಚ್ಚಿಯೇ ಇರುತ್ತದೆ. ಲೇಖಕರು ತಮ್ಮ ಹತ್ತಿರದ ಪ್ರತಿಯನ್ನು ಸಂಸ್ಥೆಯ ರೆಪಾಸಿಟರಿಗೆ (ಪೇಪರ್‌ಗಳ ಆನ್‌ಲೈನ್ ಭಂಡಾರಕ್ಕೆ) ಹಾಕಿ ತೆರೆಯಬಹುದು, ಅದೂ ಎಂಬಾರ್ಗೊ ಮುಗಿದ ಮೇಲೆ.

ಎಂಬಾರ್ಗೊ ಮುಗಿದರೆ ಜರ್ನಲ್‌ನ ಪಿಡಿಎಫ್ಫೇ ಸಿಗುತ್ತೆ ತಾನೇ?

ರೆಪಾಸಿಟರಿಯಲ್ಲಿ ಸಾಮಾನ್ಯವಾಗಿ ಸಿಗಲ್ಲ. ಒಂದೇ ಪೇಪರ್‌ಗೆ ಮೂರು ರೂಪ ಇರುತ್ತದೆ. ಜರ್ನಲ್‌ಗೆ ಕಳಿಸುವ ಮುಂಚಿನದು ಪ್ರಿಪ್ರಿಂಟ್. ಪರಿಶೀಲಕರು ತಿದ್ದಿಸಿ, ಸಂಪಾದಕರು ಒಪ್ಪಿಕೊಂಡ ಮೇಲಿನದು ಸ್ವೀಕೃತ ಹಸ್ತಪ್ರತಿ. ಎರಡು ಕಾಲಂ ಮಾಡಿ, ಪುಟಸಂಖ್ಯೆ ಹಾಕಿ, ಮೇಲೆ ಲೋಗೊ ಕೂರಿಸಿದ್ದು ಅಚ್ಚಾದ ಪ್ರತಿ. ಎಂಬಾರ್ಗೊ ಮಾತು ಹೆಚ್ಚಾಗಿ ನಡುವಿನದಕ್ಕೆ ಅನ್ವಯಿಸುತ್ತದೆ. ಅದು ನೋಡಲು ಚೆನ್ನಾಗಿರಲ್ಲ. ಸಾಲುಗಳ ಮಧ್ಯೆ ಒಂದು ಬೆರಳು ಜಾಗ, ಎಡಗಡೆ ಸಾಲಿನ ನಂಬರು, ಚಿತ್ರಗಳೆಲ್ಲ ಕೊನೆಗೆ ಗುಡ್ಡೆ. ವಿಷಯ ಮಾತ್ರ ಅದೇ. ಉಲ್ಲೇಖಕ್ಕೆ ಪುಟಸಂಖ್ಯೆ ಬೇಕಾದರೆ ಪರದಾಟ. ಇತಿಹಾಸ, ಸಾಹಿತ್ಯದವರಿಗೆ ಇದು ಜಾಸ್ತಿ ಕಾಡುತ್ತದೆ.

ಹನ್ನೆರಡು ತಿಂಗಳು ಅಂದರೆ ಯಾವ ದಿನದಿಂದ ಎಣಿಸಬೇಕು?

ಪ್ರಕಟವಾದ ದಿನದಿಂದ. ಆದರೆ ಪ್ರಕಟವಾದ ದಿನ ಯಾವುದು? ಪೇಪರ್ ಮೊದಲು ಆನ್‌ಲೈನ್‌ನಲ್ಲಿ ಬರುತ್ತದೆ, ಸಂಚಿಕೆಯಲ್ಲಿ ಸೇರುವುದು ತಿಂಗಳುಗಳ ಮೇಲೆ. ಸಸ್ಯಶಾಸ್ತ್ರದ ಒಬ್ಬ ವಿದ್ಯಾರ್ಥಿನಿ ಮೇಜಿನ ಮುಂದಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟುಕೊಂಡಿದ್ದಳು. ಪೇಪರ್ ಮಾರ್ಚ್‌ನಲ್ಲಿ ಆನ್‌ಲೈನ್ ಬಂದಿತ್ತು, ಮುಂದಿನ ಮಾರ್ಚ್‌ಗೆ ರೆಪಾಸಿಟರಿಯಲ್ಲಿ ತೆರೆಯಬಹುದು ಅಂತ. ಆ ಜರ್ನಲ್ ಎಣಿಸುತ್ತಿದ್ದದ್ದು ಸಂಚಿಕೆ ಬಂದ ನವೆಂಬರಿನಿಂದ. ಇನ್ನೂ ಎಂಟು ತಿಂಗಳು ಕಾದಳು ಪಾಪ. ಆದ್ದರಿಂದ ಸಹಿ ಹಾಕಿದ ಒಪ್ಪಂದದ ಪ್ರತಿ ಇಟ್ಟುಕೊಳ್ಳಿ. ಜರ್ನಲ್‌ಗಳ ನಿಯಮ ಹುಡುಕಲು ಬ್ರಿಟನ್ನಿನ ಜಿಸ್ಕ್ ನಡೆಸುವ 'ಶೆರ್ಪಾ ರೋಮಿಯೊ' ತಾಣ ಬಹಳ ವರ್ಷಗಳಿಂದ ಇದೆ, ಈಗ ಅದರ ಹೆಸರು 'ಓಪನ್ ಪಾಲಿಸಿ ಫೈಂಡರ್'.

ಜೆಸ್ಟೋರ್‌ನಲ್ಲಿ ಕೊನೆಯ ಕೆಲವು ವರ್ಷದ ಸಂಚಿಕೆ ಕಾಣಲ್ಲ. ಅದೂ ಇದೇನಾ?

ಅಲ್ಲ. ಜೆಸ್ಟೋರ್ ಹಳೆ ಸಂಚಿಕೆಗಳ ಆನ್‌ಲೈನ್ ಭಂಡಾರ, ಅಲ್ಲಿನ ಈ ತಡೆಗೆ ಮೂವಿಂಗ್ ವಾಲ್ ಅನ್ನುತ್ತಾರೆ, ಸರಿಯುವ ಗೋಡೆ. ಸಾಮಾನ್ಯವಾಗಿ 3ರಿಂದ 5 ವರ್ಷ. ಗೋಡೆ ದಾಟಿದ ಸಂಚಿಕೆಯೂ ಪುಕ್ಕಟೆ ಆಗುವುದಿಲ್ಲ, ಜೆಸ್ಟೋರ್ ಚಂದಾದಾರರಿಗೆ ಸಿಗುತ್ತದೆ ಅಷ್ಟೆ. ಶೋಧಗಂಗಾದಲ್ಲಿ ಥೀಸಿಸ್ ಸ್ವಲ್ಪ ಕಾಲ ತಡೆಹಿಡಿಯುವುದು, ಪತ್ರಕರ್ತರಿಗೆ 'ಇಂಥ ಗಂಟೆಗೆ ಮುಂಚೆ ಸುದ್ದಿ ಮಾಡಬೇಡಿ' ಅನ್ನುವುದು, ಇವಕ್ಕೂ ಎಂಬಾರ್ಗೊ ಅಂತಲೇ ಹೆಸರು. ಬೇರೆ ಬೇರೆ ಕಥೆಗಳು.

ನನಗೆ ಈಗಲೇ ಬೇಕು. ಇನ್ನೂ ಏಳು ತಿಂಗಳು ಎಂಬಾರ್ಗೊ ಇದೆ. ಏನು ಮಾಡಲಿ?

ಲೇಖಕರಿಗೆ ಎರಡು ಸಾಲು ಮೇಲ್ ಹಾಕಿ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಮರುದಿನವೇ ಬಂದಿದೆ, ಜೊತೆಗೆ 'ಓದಿ ಅಭಿಪ್ರಾಯ ತಿಳಿಸಿ' ಅಂತ. ಕೆಲವು ರೆಪಾಸಿಟರಿಗಳಲ್ಲಿ ಪ್ರತಿ ಕೇಳುವ ಗುಂಡಿಯೇ ಇರುತ್ತದೆ. ಪ್ರಿಪ್ರಿಂಟ್ ಇದೆಯಾ ನೋಡಿ, ಪ್ರಿಪ್ರಿಂಟ್‌ಗೆ ಸಾಮಾನ್ಯವಾಗಿ ಎಂಬಾರ್ಗೊ ಇರಲ್ಲ. ಬ್ರೌಸರಿಗೆ 'ಅನ್‌ಪೇವಾಲ್' ಹಾಕಿಕೊಂಡರೆ ಕಾನೂನುಬದ್ಧ ಪ್ರತಿ ಎಲ್ಲಿದ್ದರೂ ತೋರಿಸುತ್ತದೆ. ಇದ್ಯಾವುದೂ ಆಗದಿದ್ದರೆ ನಿಮ್ಮ ಲೈಬ್ರರಿಯವರನ್ನು ಕೇಳಿ, ಡೆಲ್‌ನೆಟ್ ಮೂಲಕ ಬೇರೆ ಲೈಬ್ರರಿಯಿಂದ ತರಿಸಿಕೊಡುತ್ತಾರೆ.

## ಚಂದಾ ಲೆಕ್ಕ

ಒಂದು ವರ್ಷ ಕಾದರೆ ಪುಕ್ಕಟೆ ಸಿಗೋದಕ್ಕೆ ಲಕ್ಷಗಟ್ಟಲೆ ಯಾಕೆ ಕಟ್ತೀರಿ?

ಪ್ರತಿ ವರ್ಷ ನವೆಂಬರಿನಲ್ಲಿ, ಡಾಲರ್ ಇನ್‌ವಾಯ್ಸ್ ಬಂದ ವಾರ, ಅಕೌಂಟ್ಸ್‌ನವರು ಕೇಳುವ ಪ್ರಶ್ನೆ ಇದು. ನ್ಯಾಯವಾದದ್ದೇ.

ಒಂದು ಸಲ ನನಗೂ ಅದೇ ಅನುಮಾನ ಬಂದು, ಒಂದು ಜರ್ನಲ್‌ನ ಎರಡು ವರ್ಷ ಹಳೆಯ ಸಂಚಿಕೆ ಮುಂದಿಟ್ಟುಕೊಂಡು ಕೂತೆ. ಪ್ರತಿ ಪೇಪರಿನ ಡಿಒಐ (ಗುರುತು ಸಂಖ್ಯೆ) ಹಾಕಿ ಪುಕ್ಕಟೆ ಪ್ರತಿ ಇದೆಯಾ ಅಂತ ಹುಡುಕಿದೆ. ಅಮೆರಿಕದ ಆರೋಗ್ಯ ಇಲಾಖೆಯ ಹಣದಲ್ಲಿ ಆದದ್ದು ಸಿಕ್ಕಿತು. ಬ್ರಿಟನ್ನಿನದು ಒಂದೆರಡು ಸಿಕ್ಕಿತು. ಉಳಿದವು ಎಲ್ಲೂ ಇಲ್ಲ. ಸಂಪಾದಕೀಯ ಇಲ್ಲ, ವಿಮರ್ಶಾ ಲೇಖನ ಇಲ್ಲ, ತಿದ್ದುಪಡಿ ಇಲ್ಲ. ನಮ್ಮ ಮೇಷ್ಟ್ರೇ ಬರೆದ ಒಂದು ಪೇಪರ್ ಅದರಲ್ಲಿತ್ತು, ಅದೂ ಇಲ್ಲ! ಎಂಬಾರ್ಗೊ ಮುಗಿದು ಯಾವ ಕಾಲವಾಗಿತ್ತು, ಆದರೆ ಅವರು ಪ್ರತಿ ಹಾಕಿರಲೇ ಇಲ್ಲ. ಕೇಳಿದರೆ 'ಹೌದಾ, ಹಾಕಬಹುದಿತ್ತಾ?' ಅಂದರು.

ಅಂದರೆ ಎಂಬಾರ್ಗೊ ಮುಗಿದ ಮಾತ್ರಕ್ಕೆ ಜರ್ನಲ್ ಪೂರ್ತಿ ತೆರೆಯಲ್ಲ. ಅಲ್ಲೊಂದು ಇಲ್ಲೊಂದು ಕಿಟಕಿ ತೆರೆಯುತ್ತದೆ. ಯಾವ ಕಿಟಕಿ ಅಂತ ಮೊದಲೇ ಗೊತ್ತಾಗಲ್ಲ. ಹಾಗಿರುವಾಗ ಅದನ್ನು ನಂಬಿ ಚಂದಾ ನಿಲ್ಲಿಸುವ ಧೈರ್ಯ ಯಾವ ಲೈಬ್ರರಿಯವನಿಗೂ ಬರಲ್ಲ. ಇನ್ನೊಂದು ಕಾರಣ ಪ್ಯಾಕೇಜ್. ದೊಡ್ಡ ಪ್ರಕಾಶಕರು ನೂರಾರು ಜರ್ನಲ್ ಕಟ್ಟುಕಟ್ಟಾಗಿ ಮಾರುತ್ತಾರೆ, ಅದರಲ್ಲಿ ಒಂದನ್ನು ತೆಗೆದರೆ ಬಿಲ್ ಇಳಿಯುವುದೇ ಇಲ್ಲ.

ಹಾಗಾದರೆ ಎಂಬಾರ್ಗೊ ಇಲ್ಲದಿದ್ದರೆ ಚಂದಾ ಹೋಗಿಬಿಡುತ್ತೆ ಅಂತ ಪ್ರಕಾಶಕರು ಹೇಳೋದು ಸುಳ್ಳಾ?

ಪೂರ್ತಿ ಸುಳ್ಳು ಅಲ್ಲ, ಸುಮ್ನೆ ಉಬ್ಬಿಸಿದ್ದು ಅಂತ ನನ್ನ ಅಭಿಪ್ರಾಯ. ಎರಡೂ ಕಡೆಯ ಸಾಕ್ಷಿ ನೋಡಿ.

2012ರಲ್ಲಿ ಬ್ರಿಟನ್ನಿನ ಪ್ರಕಾಶಕರ ಸಂಘಗಳು ಒಂದು ಸಮೀಕ್ಷೆ ಮಾಡಿಸಿದವು. 6 ತಿಂಗಳಿಗೆ ಬಹುಪಾಲು ಪೇಪರ್ ಪುಕ್ಕಟೆ ಆದರೆ ಚಂದಾ ಮುಂದುವರಿಸ್ತೀರಾ ಅಂತ ಲೈಬ್ರರಿಗಳನ್ನು ಕೇಳಿದರು. ಉತ್ತರ ಕೊಟ್ಟವರು 210 ಮಂದಿ. ವಿಜ್ಞಾನ, ತಂತ್ರಜ್ಞಾನ, ವೈದ್ಯಕೀಯ ಜರ್ನಲ್‌ಗಳನ್ನು ಹಾಗೇ ಉಳಿಸಿಕೊಳ್ತೇವೆ ಅಂದವರು ಶೇ 56. ಕಲೆ, ಮಾನವಿಕ, ಸಮಾಜವಿಜ್ಞಾನಕ್ಕೆ ಶೇ 35 ಮಾತ್ರ. ಹೆದರಿಸುವಂಥ ಅಂಕಿಯೇ. ಆದರೆ ಪ್ರಶ್ನೆಯಲ್ಲಿ 'ಬಹುಪಾಲು ಪೇಪರ್' ಅಂತ ಇದ್ದದ್ದನ್ನು ಮರೆಯಬೇಡಿ. ಹಾಗೆ ಬಹುಪಾಲು ತೆರೆಯುವುದು ಅಪರೂಪ ಅಂತ ಮೇಲೆಯೇ ಹೇಳಿದೆ. 'ಪುಕ್ಕಟೆ ಸಿಕ್ಕರೆ ದುಡ್ಡು ಕೊಡ್ತೀರಾ' ಅಂತ ಕೇಳಿದರೆ ಯಾರು ತಾನೇ ಹೂಂ ಅಂತಾರೆ?

2013ರ ಇನ್ನೊಂದು ಅಧ್ಯಯನ ಹೆಚ್ಚು ಗಟ್ಟಿ. ವಿದ್ವತ್ ಸಂಘಗಳು ಹೊರತರುವ 14 ಜೀವವೈದ್ಯಕೀಯ ಜರ್ನಲ್ ತೆಗೆದುಕೊಂಡು ನೋಡಿದರು. ಪಬ್‌ಮೆಡ್ ಸೆಂಟ್ರಲ್‌ನಲ್ಲಿ (ಅಮೆರಿಕದ ಪುಕ್ಕಟೆ ವೈದ್ಯಕೀಯ ಪೇಪರ್ ಭಂಡಾರ) ಪ್ರತಿ ತೆರೆದ ಮೇಲೆ ಜರ್ನಲ್‌ನ ಸ್ವಂತ ತಾಣದಲ್ಲಿ ವೆಬ್ ಪುಟ ಓದುವುದು ಶೇ 21.4, ಪಿಡಿಎಫ್ ಇಳಿಸಿಕೊಳ್ಳುವುದು ಶೇ 13.8 ಕಡಿಮೆಯಾಗಿತ್ತು. ಓದುಗರು ಆ ಕಡೆ ಹೋದದ್ದು ನಿಜ. ಆದರೆ ಓದು ಕಡಿಮೆಯಾದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಲೈಬ್ರರಿಗಳು ಚಂದಾ ಕಡಿಯುವುದು ಗ್ರಾಂಟ್ ಕಡಿಮೆಯಾದಾಗ, ರೂಪಾಯಿ ಬಿದ್ದಾಗ, ಪ್ರಕಾಶಕರು ಬೆಲೆ ಏರಿಸಿದಾಗ. 2019ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ದೊಡ್ಡ ಪ್ರಕಾಶಕ ಎಲ್ಸೆವಿಯರ್ ಜೊತೆ ಮಾತು ಮುರಿದುಕೊಂಡದ್ದು ಬೆಲೆಗೆ ಮತ್ತು ಮುಕ್ತ ಪ್ರಕಟಣೆಯ ಷರತ್ತಿಗೆ. 2021ರ ಮಾರ್ಚ್‌ನಲ್ಲಿ ಮತ್ತೆ ಒಪ್ಪಂದವಾಯಿತು. ಪುಕ್ಕಟೆ ಪ್ರತಿಗಳು ಆ ಎರಡು ವರ್ಷ ದೂಡಲು ನೆರವಾದವು, ಜಗಳಕ್ಕೆ ಅವು ಕಾರಣ ಅಲ್ಲ.

ಬ್ರಿಟನ್ನಿನ ನಿಯಮದಲ್ಲಿ ವಿಜ್ಞಾನಕ್ಕೆ 6 ತಿಂಗಳು, ಮಾನವಿಕಕ್ಕೆ 12 ತಿಂಗಳು ಇತ್ತು. ಈ ತಾರತಮ್ಯ ಯಾಕೆ?

ಮಾನವಿಕದ ಪೇಪರ್ ನಿಧಾನಕ್ಕೆ ಹಳೆಯದಾಗುತ್ತದೆ, ಆದ್ದರಿಂದ ರಕ್ಷಣೆ ಜಾಸ್ತಿ ಬೇಕು ಅನ್ನುವ ವಾದ. 2013ರಲ್ಲಿ 13 ಪ್ರಕಾಶಕರ 2,812 ಜರ್ನಲ್ ಇಟ್ಟುಕೊಂಡು ಡೌನ್‌ಲೋಡ್ ಆದ ಪೇಪರ್‌ಗಳ ನಡುವಯಸ್ಸು ಲೆಕ್ಕ ಹಾಕಿದರು. ಆರೋಗ್ಯ ವಿಜ್ಞಾನದಲ್ಲಿ 25ರಿಂದ 36 ತಿಂಗಳು. ಮಾನವಿಕ, ಭೌತಶಾಸ್ತ್ರ, ಗಣಿತದಲ್ಲಿ 49ರಿಂದ 60. ಹನ್ನೆರಡು ತಿಂಗಳೊಳಗೆ ಅರ್ಧ ಓದು ಮುಗಿಯುವ ಜರ್ನಲ್ ಬರೀ ಶೇ 3. ಗಮನಿಸಿ, ಗಣಿತ ಮತ್ತು ಭೌತಶಾಸ್ತ್ರ ಮಾನವಿಕದ ಜೊತೆಗೇ ಇವೆ. ಆದರೆ ನಿಯಮ ಮಾಡುವಾಗ ಅವುಗಳನ್ನು ವಿಜ್ಞಾನದ ಬುಟ್ಟಿಗೆ ಹಾಕಿ 6 ತಿಂಗಳು ಅಂದರು. ಅಲ್ಲೇನೂ ಆಕಾಶ ಬೀಳಲಿಲ್ಲ.

ಭೌತಶಾಸ್ತ್ರದವರು ಎಲ್ಲಾ ಆರ್ಕೈವ್‌ಗೆ ಹಾಕ್ತಾರೆ. ಅವರ ಜರ್ನಲ್‌ಗಳು ಯಾಕೆ ಮುಚ್ಚಿಲ್ಲ?

ಅಂದರೆ ಆರ್ಕ್ಸಿವ್ ತಾಣ. 1991ರಿಂದ ಇದೆ. ಅಲ್ಲಿ ಎಂಬಾರ್ಗೊ ಮೈನಸ್ ಅನ್ನಬಹುದು, ಪೇಪರ್ ಅಚ್ಚಾಗುವ ಮುಂಚೆಯೇ ತೆರೆದಿರುತ್ತದೆ. 2005ರ ಹೊತ್ತಿಗೆ ವಿಚಾರಿಸಿದಾಗ ಅಮೆರಿಕನ್ ಫಿಸಿಕಲ್ ಸೊಸೈಟಿ ಮತ್ತು ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ ಎರಡೂ, ಆರ್ಕ್ಸಿವ್‌ನಿಂದ ಹೋದ ಚಂದಾ ಇದೇ ಅಂತ ಬೊಟ್ಟು ಮಾಡಿ ತೋರಿಸಲು ಏನೂ ಇಲ್ಲ ಅಂದವು. ಲೈಬ್ರರಿಗಳಿಗೆ ಪರಿಶೀಲನೆಯಾದ, ಮುದ್ರೆ ಬಿದ್ದ ಪ್ರತಿ ಬೇಕಿತ್ತು.

ಆದರೆ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಕಥೆ ಬೇರೆ. ಜರ್ನಲ್ ತಾನೇ ಎಲ್ಲವನ್ನೂ ಪುಕ್ಕಟೆ ಇಟ್ಟಿತು. ಚಂದಾ ಇಳಿಯುತ್ತಾ ಬಂತು. 2008ರಲ್ಲಿ ಆ ಪ್ರಯೋಗ ಕೈಬಿಟ್ಟರು. ಲೇಖಕರು ತಮ್ಮ ಪ್ರತಿ ಚೆಲ್ಲಾಪಿಲ್ಲಿಯಾಗಿ ಹಾಕುವುದು ಒಂದು, ಜರ್ನಲ್ಲೇ ಸಂಚಿಕೆ ಸಮೇತ ಬಾಗಿಲು ತೆಗೆಯುವುದು ಇನ್ನೊಂದು. ಎಷ್ಟು ತಿಂಗಳು ಅನ್ನುವುದಕ್ಕಿಂತ ಎಷ್ಟು ಪಾಲು ತೆರೆಯುತ್ತದೆ, ಅದನ್ನು ಎಷ್ಟು ನೆಚ್ಚಿಕೊಳ್ಳಬಹುದು ಅನ್ನುವುದೇ ಚಂದಾವನ್ನು ಅಲುಗಾಡಿಸುವುದು. ಇಡೀ ಪುಟದಲ್ಲಿ ನಾನು ಹೇಳಬೇಕಾದ್ದು ಇದೊಂದೇ.

## ನಿಯಮ, ಸರ್ಕಾರ

ಅಮೆರಿಕದಲ್ಲಿ ಎಂಬಾರ್ಗೊ ತೆಗೆದೇಬಿಟ್ಟರಂತೆ?

ಸರ್ಕಾರದ ಹಣ ಪಡೆದ ಪೇಪರ್‌ಗಳಿಗೆ, ಹೌದು. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2008ರ ಏಪ್ರಿಲ್‌ನಿಂದ 12 ತಿಂಗಳೊಳಗೆ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ತೆರೆಯಲೇಬೇಕು ಅಂತ ಮಾಡಿತ್ತು. 2013ರಲ್ಲಿ ಬೇರೆ ದೊಡ್ಡ ಸಂಸ್ಥೆಗಳಿಗೂ 12 ತಿಂಗಳ ಮಾದರಿ ಬಂತು. 2022ರ ಆಗಸ್ಟ್ 25ರಂದು ಶ್ವೇತಭವನದ ವಿಜ್ಞಾನ ಕಚೇರಿ ಆ 12 ತಿಂಗಳನ್ನೂ ತೆಗೆಯಿರಿ ಅಂತ ಸೂಚಿಸಿ, 2025ರ ಕೊನೆಯ ಗಡುವು ಕೊಟ್ಟಿತು. ಎನ್‌ಐಎಚ್ ಇನ್ನೂ ಮುಂಚೆ, 2025ರ ಜುಲೈ 1ರಿಂದಲೇ ಜಾರಿ ಮಾಡಿತು. ಆ ದಿನದಿಂದ ಸ್ವೀಕೃತವಾದ ಪೇಪರ್ ಪ್ರಕಟವಾದ ದಿನವೇ ತೆರೆದಿರಬೇಕು.

ಯುರೋಪಿನಲ್ಲಿ ಹೇಗೆ?

ಅದೇ ದಾರಿ, ಸ್ವಲ್ಪ ಮುಂದೆ. ಬ್ರಿಟನ್ 2013ರಲ್ಲಿ 6 ಮತ್ತು 12 ತಿಂಗಳು ಅಂತ ಶುರು ಮಾಡಿ, 2022ರ ಏಪ್ರಿಲ್ 1ರಿಂದ ಸೊನ್ನೆಗೆ ಬಂತು. ಹಲವು ಅನುದಾನ ಸಂಸ್ಥೆಗಳು ಸೇರಿ 2018ರ ಸೆಪ್ಟೆಂಬರಿನಲ್ಲಿ, ತಮ್ಮ ಹಣದಲ್ಲಿ ಆದ ಪೇಪರ್ ತೆರೆದೇ ಇರಬೇಕು ಅನ್ನುವ 'ಪ್ಲಾನ್ ಎಸ್' ಘೋಷಿಸಿ 2021ರಿಂದ ಜಾರಿಗೆ ತಂದವು. ಅದರಲ್ಲೂ ಎಂಬಾರ್ಗೊಗೆ ಜಾಗವಿಲ್ಲ.

ನಮ್ಮಲ್ಲಿ 'ಒಂದು ದೇಶ ಒಂದು ಚಂದಾ' ಬಂತಲ್ಲ. ಇನ್ನು ಈ ತಲೆನೋವು ನಮಗ್ಯಾಕೆ?

ನೀವು ಸರ್ಕಾರಿ ವಿಶ್ವವಿದ್ಯಾಲಯದಲ್ಲಿದ್ದರೆ ಸದ್ಯಕ್ಕೆ ಅಷ್ಟಾಗಿ ತಲೆನೋವಿಲ್ಲ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ ಯೋಜನೆ ಅದು. 2025, 2026, 2027, ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300ಕ್ಕೂ ಹೆಚ್ಚು ಸಂಸ್ಥೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನೋಡಿಕೊಳ್ಳುತ್ತದೆ. ಸಣ್ಣ ಊರಿನ ಸರ್ಕಾರಿ ಕಾಲೇಜಿನಲ್ಲಿ ಕೂತು ಹೊಸ ಸಂಚಿಕೆ ತೆರೆಯಬಹುದು ಅನ್ನೋದು ಸಣ್ಣ ಮಾತಲ್ಲ.

ಆದರೆ ಸರ್ಕಾರ ನಡೆಸುವ ಸಂಸ್ಥೆಗಳಿಗಷ್ಟೇ ಇದು ಶುರುವಾದದ್ದು. ಖಾಸಗಿ ಕಾಲೇಜು, ಸ್ಟಾರ್ಟಪ್, ಕ್ಲಿನಿಕ್ ಇಟ್ಟುಕೊಂಡ ಡಾಕ್ಟರು, ಪಿಎಚ್‌ಡಿ ಮುಗಿಸಿ ಐಡಿ ಕಾರ್ಡ್ ವಾಪಸ್ ಕೊಟ್ಟವರು, ಇವರೆಲ್ಲ ಇನ್ನೂ ಎಂಬಾರ್ಗೊ ಮುಗಿಯಲಿ ಅಂತ ಕಾಯುವವರೇ. ಇನ್ನೊಂದು ವಿಷಯ, ಚಂದಾ ಸಿಕ್ಕಿದೆ ಅಂತ ನಮ್ಮ ಪೇಪರ್ ರೆಪಾಸಿಟರಿಗೆ ಹಾಕುವುದನ್ನು ಬಿಟ್ಟರೆ, ಮುಂದೆ ದರ ಚೌಕಾಸಿ ಮಾಡುವಾಗ ನಮ್ಮ ಕೈಯಲ್ಲಿ ಏನಿರುತ್ತೆ? ಬೆಂಗಳೂರಿನ ಐಐಎಸ್‌ಸಿ 2002ರಲ್ಲೇ ರೆಪಾಸಿಟರಿ ತೆರೆದು ದಾರಿ ತೋರಿಸಿದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಮತ್ತು ವಿಜ್ಞಾನ ಇಲಾಖೆಗಳ ನೀತಿ 2014ರ ಡಿಸೆಂಬರಿನದು. ಅದರ ಪ್ರಕಾರ ಪ್ರತಿ ಈಗಲೇ ಹಾಕಿಟ್ಟು, ಎಂಬಾರ್ಗೊ ಮುಗಿದ ಮೇಲೆ ತೆರೆಯಬಹುದು. ನೀತಿ ಇದೆ, ಪ್ರತಿ ಹಾಕಿಸುವವರು ಕಡಿಮೆ.

## ಒಳಗಿನವರಿಗೆ

ಯಾವ ಜರ್ನಲ್ ಬಿಡಬಹುದು ಅಂತ ನೋಡುವಾಗ ಎಂಬಾರ್ಗೊನ ಹೇಗೆ ಲೆಕ್ಕಕ್ಕೆ ಹಿಡೀತೀರಿ?

ಒಟ್ಟು ಡೌನ್‌ಲೋಡ್ ನೋಡಿದರೆ ಮೋಸ ಹೋಗ್ತೀರಿ. ಪ್ರಕಾಶಕರು ಕೊಡುವ 'ಕೌಂಟರ್' ಬಳಕೆ ವರದಿಗಳಲ್ಲಿ ಪ್ರಕಟಣೆಯ ವರ್ಷವಾರು ಒಡೆದು ತೋರಿಸುವ ಟಿಆರ್_ಜೆ4 ತೆಗೆಯಿರಿ. ಓದಿದ್ದರಲ್ಲಿ ಈ ವರ್ಷದ್ದೆಷ್ಟು, ಹಳೆಯದ್ದೆಷ್ಟು? 12 ತಿಂಗಳಿಗೆ ತಾನೇ ತೆರೆಯುವ ಜರ್ನಲ್ ಆಗಿದ್ದು, ನಿಮ್ಮವರು ಓದುವುದು ಹೆಚ್ಚಾಗಿ ಎರಡು ಮೂರು ವರ್ಷ ಹಿಂದಿನದ್ದಾದರೆ, ನೀವು ದುಡ್ಡು ಕೊಡುತ್ತಿರುವುದು ಮೊದಲ ವರ್ಷಕ್ಕೆ ಮಾತ್ರ. ಹಳೆಯ ವರದಿಗಳಲ್ಲಿ ತೆರೆದ ಸಂಚಿಕೆಯ ಓದೂ ಚಂದಾ ಓದಿನ ಜೊತೆ ಸೇರಿಕೊಂಡಿರಬಹುದು, ಹುಷಾರು. ಚಂದಾ ನಿಲ್ಲಿಸಿದರೂ ಹಳೆ ಸಂಚಿಕೆ ಉಳಿಯುವ ಹಕ್ಕು ಒಪ್ಪಂದದಲ್ಲಿ ಇದೆಯಾ ಅಂತ ಓದಿ. ಆಮೇಲೆ ಉಳಿದ ಬೇಡಿಕೆಯನ್ನು ಬಿಡಿಬಿಡಿಯಾಗಿ ತರಿಸಿದರೆ ಎಷ್ಟಾಗುತ್ತೆ ನೋಡಿ.

ಇದೇ ಲೆಕ್ಕ ಮಾಡಿಕೊಡಲು 'ಅನ್‌ಸಬ್' ಅನ್ನುವ ಸಾಧನ 2019ರಲ್ಲಿ ಬಂತು, ಆಗ ಹೆಸರು ಬೇರೆ ಇತ್ತು. 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ಅದನ್ನು ಬಳಸಿ ಎಲ್ಸೆವಿಯರ್‌ನ ಸುಮಾರು 2,200 ಜರ್ನಲ್‌ಗಳ ಪ್ಯಾಕೇಜ್ ಬಿಟ್ಟು, 248 ಮಾತ್ರ ಉಳಿಸಿಕೊಂಡಿತು. ಪುಕ್ಕಟೆ ಪ್ರತಿಗಳು ನೇರವಾಗಿ ಚಂದಾ ನಿಲ್ಲಿಸುವ ತೀರ್ಮಾನದೊಳಗೆ ಬಂದದ್ದು ಇಲ್ಲಿ. ಪ್ರಕಾಶಕರ ಭಯ ನಿಜವಾಗುವುದಾದರೆ ಹೀಗೇ, ಯಾರೋ ಕೂತು ಕಿಟಕಿಗಳನ್ನು ಎಣಿಸಿಕೊಟ್ಟಾಗ.

ಎಂಬಾರ್ಗೊ ಸೊನ್ನೆ ಆದರೆ ಪ್ರಕಾಶಕರು ದುಡ್ಡು ಎಲ್ಲಿಂದ ತೆಗೀತಾರೆ?

ಬರೆಯುವವರ ಜೇಬಿನಿಂದ. ಪೇಪರ್ ತೆರೆದಿಡಲು ಲೇಖಕರಿಂದ ಶುಲ್ಕ ಪಡೆಯುವುದು ಗೊತ್ತಿರುವುದೇ. 2023ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿ ಹೊಸದೊಂದು ತಂದಿತು. ಜರ್ನಲ್‌ನಲ್ಲಿ ಪೇಪರ್ ಮುಚ್ಚಿಯೇ ಇರುತ್ತದೆ, ಆದರೆ ಸ್ವೀಕೃತ ಹಸ್ತಪ್ರತಿಯನ್ನು ಕಾಯದೆ ರೆಪಾಸಿಟರಿಗೆ ಹಾಕಬೇಕಾದರೆ 2,500 ಡಾಲರ್. ಅಂದರೆ ಎಂಬಾರ್ಗೊಗೇ ಬೆಲೆಚೀಟಿ ಅಂಟಿಸಿದರು. ನೀವೇ ಟೈಪ್ ಮಾಡಿದ ವರ್ಡ್ ಫೈಲು, ನಿಮ್ಮದೇ ಸಂಸ್ಥೆಯ ಸರ್ವರು!

ಹಕ್ಕು ಉಳಿಸಿಕೊಳ್ತೇನೆ ಅಂತ ಬರೆದು ಕಳಿಸಿದರೆ ಪೇಪರ್ ವಾಪಸ್ ಮಾಡ್ತಾರಾ?

ಸಲ್ಲಿಸುವಾಗಲೇ 'ಸ್ವೀಕೃತ ಪ್ರತಿಗೆ ಸಿಸಿ ಬಿವೈ ಪರವಾನಗಿ ಇದೆ' (ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು) ಅಂತ ಒಂದು ವಾಕ್ಯ ಹಾಕುವ ಕ್ರಮ ಅದು, 2020ರಲ್ಲಿ ಪ್ಲಾನ್ ಎಸ್‌ನವರು ಶುರು ಮಾಡಿದ್ದು. ಆಮೇಲೆ ಸಹಿ ಮಾಡುವ ಒಪ್ಪಂದಕ್ಕಿಂತ ಇದು ಮೊದಲಿನದ್ದು ಅನ್ನುವ ವಾದ. ಕೆಲವು ಪ್ರಕಾಶಕರು ಏನೂ ಅನ್ನದೆ ಅಚ್ಚು ಹಾಕುತ್ತಾರೆ. ಕೆಲವರು ಶುಲ್ಕ ಕಟ್ಟುವ ದಾರಿಗೆ ಹೊರಳಿಸುತ್ತಾರೆ. ಬೆನ್ನ ಹಿಂದೆ ಅನುದಾನ ಸಂಸ್ಥೆಯ ನಿಯಮ ಇಲ್ಲದ ಒಬ್ಬಂಟಿ ಪಿಎಚ್‌ಡಿ ವಿದ್ಯಾರ್ಥಿಗೆ ನಾನು ಇದನ್ನು ಸಲಹೆ ಮಾಡಲ್ಲ. ಸಂಸ್ಥೆಯೇ ನೀತಿ ಮಾಡಿ ಬೆನ್ನಿಗೆ ನಿಲ್ಲಬೇಕು.

ಎಲ್ಲರಿಗೂ ಪುಕ್ಕಟೆ ಸಿಗೋ ಜರ್ನಲ್‌ಗೆ ಚಂದಾ ಕೇಳ್ತಿದ್ದಾರೆ. ಇದೇನು ತಮಾಷೆ?

ಇದಕ್ಕೆ 'ಸಬ್‌ಸ್ಕ್ರೈಬ್ ಟು ಓಪನ್' ಅನ್ನುತ್ತಾರೆ. ಆನ್ಯುಯಲ್ ರಿವ್ಯೂಸ್ ಸಂಸ್ಥೆ 2020ರಲ್ಲಿ ಕೆಲವು ಜರ್ನಲ್‌ಗಳಲ್ಲಿ ಶುರು ಮಾಡಿ, 2023ರಲ್ಲಿ 51ಕ್ಕೂ ಹಬ್ಬಿಸಿತು. ಹಳೆಯ ಚಂದಾದಾರರು ಸಾಕಷ್ಟು ಜನ ಈ ವರ್ಷವೂ ಕಟ್ಟಿದರೆ ಈ ವರ್ಷದ ಸಂಪುಟ ಜಗತ್ತಿಗೆಲ್ಲ ತೆರೆಯುತ್ತದೆ. ಕಟ್ಟದಿದ್ದರೆ ಗೇಟು ಮತ್ತೆ ಮುಚ್ಚುತ್ತದೆ, ಕಟ್ಟಿದವರಿಗೆ ಮಾತ್ರ. ಎಂಬಾರ್ಗೊ ಇಲ್ಲ, ಲೇಖಕರಿಗೆ ಶುಲ್ಕವೂ ಇಲ್ಲ. ಊರ ಕೆರೆ ಹೂಳೆತ್ತಲು ಮನೆಮನೆಗೆ ವಂತಿಗೆ ಹಾಕಿದ ಹಾಗೆ, ಕೊಡದವರೂ ನೀರು ಕುಡೀತಾರೆ.

ನಮ್ಮ ಲೈಬ್ರರಿ ಕಮಿಟಿಯಲ್ಲಿ ಇಂಥದ್ದೊಂದು ಬಂದಾಗ ಒಬ್ಬರು ಕೇಳಿದರು, 'ಬೇರೆಯವರು ಕಟ್ಟಲಿ, ನಾವು ಓದೋಣ, ಏನು ತಪ್ಪು?' ಉತ್ತರ ಸುಲಭ ಇರಲಿಲ್ಲ. ಆಡಿಟ್‌ನವರು ಕೇಳಿದರೆ ಏನು ತೋರಿಸುವುದು? ಕೊನೆಗೆ ಫೈಲಿನಲ್ಲಿ 'ಹಳೆ ಸಂಪುಟಗಳ ಬಳಕೆಯ ಹಕ್ಕಿಗಾಗಿ ಮುಂದುವರಿಸಲಾಗಿದೆ' ಅಂತ ಬರೆದೆ. ಬಿಲ್ ಪಾಸಾಯಿತು.